ಇಂಜಿನ್ ಸಾಬರು ನಡುವೆ ಬಿಟ್ಟ ದಾರಿ

ಇಂಜಿನ್ ಸಾಬರ ಮುಖವೆಲ್ಲ ಮಸಿ. ಬೆವರು ಹರಿದ ಕಡೆ ಮಾತ್ರ ಎರಡು ಬಿಳಿ ಗೆರೆ. ಹುಣಸೂರಿನವರು. ಮೈಸೂರು-ಹುಣಸೂರು ರಸ್ತೆಗೆ ಜಲ್ಲಿ ಹಾಕುವಾಗ ಹಬೆಯ ರೋಲರ್ ಓಡಿಸಲು ಬಂದಿದ್ದರು. ರಸ್ತೆಯ ಎರಡು ಬದಿಗೂ ಆಲದ ಮರ, ಒಂದು ಮರದ ಹಿಂದೆ ನಮ್ಮ ಮನೆ. ನನಗಾಗ ಹತ್ತು ವರ್ಷ. ಓದು ಎರಡನೇ ಕ್ಲಾಸಿಗೇ ನಿಂತಿತ್ತು, ಬಾಯಿ ನಿಂತಿರಲಿಲ್ಲ.

“ಎತ್ತಿಲ್ದೆ ಎಂಗೆ ಓಯ್ತದೆ ಸಾಬ್ರೆ?”

“ಸೌದೆ ತಿಂತದೆ, ನೀರು ಕುಡೀತದೆ. ನಿನ್ನಂಗೆ ತಲೆ ತಿನ್ನಾಕಿಲ್ಲ ಕಣವ್ವ.”

ಬೈಯುತ್ತಲೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ನೀರು ನಿಲ್ಲಬಾರದೆಂದು ರಸ್ತೆಯ ನಡು ಉಬ್ಬಿರಬೇಕಂತೆ. ಅದಕ್ಕೇ ಅಂಚಿನಿಂದ ಉರುಳಿಸುತ್ತಾ ನಡುವಿಗೆ ಬರಬೇಕು. ನಡುವಿನಿಂದ ಶುರುಮಾಡಿದರೆ ಜಲ್ಲಿ ಪಕ್ಕಕ್ಕೆ ಜಾರಿ ರಸ್ತೆ ಕೆಡುತ್ತದಂತೆ. ಕೆಲಸ ಮುಗಿದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಉರುಳಿಸಿ ಮುಗಿಸಿದ ಕಡೆ ಒಂದು ಕಲ್ಲಿಟ್ಟು ಇಂಜಿನ್ ಹತ್ತಿಸಿದರು. ಕಲ್ಲು ಪುಡಿಯಾಯಿತು. “ಒಳೀಕೆ ಕುಂತಿದ್ರೆ ರಸ್ತೆ ಇನ್ನೂ ಅಸಿ ಅಂತ.”

ಆ ಮಳೆಗಾಲದಲ್ಲಿ ಅಮ್ಮನಿಗೆ ನೋವು ಶುರುವಾಗಿ ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಸೂಲಗಿತ್ತಿ, “ನನ್ ಕೈಲಾಗಾಕಿಲ್ಲ, ಮೈಸೂರಾಸ್ಪತ್ರೆಗೆ ಕರ್ಕಂಡೋಗಿ. ಗಾಡಿ ಕುಲುಕುದ್ರೆ ಇವಳು ಉಳಿಯಾಕಿಲ್ಲ” ಎಂದಳು.

ಅಪ್ಪ ಗಾಡಿ ಕಟ್ಟಿದರು. ಮುಂದೆ ಒಂದು ಮೈಲಿ ಹೊಸದಾಗಿ ಹರಡಿದ ಜಲ್ಲಿ, ಅಂಚಿನುದ್ದಕ್ಕೂ ಕಲ್ಲಿನ ರಾಶಿ, ಆಚೆ ಕೆಸರುಹೊಲ. ಮೊದಲ ಕಲ್ಲಿಗೇ ಅಮ್ಮ ಕಿರುಚಿದಳು. ಅಪ್ಪ ಓಡಿಹೋಗಿ ಸಾಬರಿಗೆ ಹೇಳಿದರು. ಸಾಬರು ಏನೂ ಕೇಳದೆ ಇಂಜಿನ್ ತಂದು ರಸ್ತೆಯ ನಟ್ಟನಡುವೆ ಬಿಟ್ಟರು.

ಮೇಸ್ತ್ರಿ ಓಡಿಬಂದ. “ತಲೆಗಿಲೆ ಕೆಟ್ಟದಾ ಸಾಬ್ರೆ? ಪೂರಾ ಮೈಲಿ ಕಿತ್ತಾಕ್ಬೇಕಾಯ್ತದೆ!”

“ಕಿತ್ತಾಕಣ ಬುಡು. ಕಲ್ಲೆಲ್ಲಿ ಓಡೋಯ್ತವೆ?”

ಸ್ವಲ್ಪ ದೂರ ಹೋಗಿ, ಬಂದು, ಮತ್ತೆ ಹೋಗಿ ಕೈ ಬೀಸುತ್ತಿದ್ದರು. ಗಾಡಿ ಅಷ್ಟು ದೂರ ನಡೆಯುತ್ತಿತ್ತು. ಅಮ್ಮ ಸಾಯಬಹುದು ಎಂದು ಗೊತ್ತಿದ್ದೂ ನಾನು ರೋಲರ್ ಕೆಳಗೆ ಕಲ್ಲು ಕೂರುವುದನ್ನೇ ನೋಡುತ್ತಾ ನಡೆದೆ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮಗು ಉಳಿಯಲಿಲ್ಲ, ಅಮ್ಮ ಉಳಿದಳು. ತಿಂಗಳ ಮೇಲೆ ಅವಳನ್ನು ಕರೆತರುವಾಗ ಇಂಜಿನ್ ಮೇಲೆ ಬೇರೆ ಯಾರೋ ಇದ್ದರು. ಸಾಬರು ಕೂಲಿಗಳ ಜೊತೆ ಹಾರೆ ಹಿಡಿದು, ತಾವು ಕೆಡಿಸಿದ್ದನ್ನು ತಾವೇ ಅಗೆಯುತ್ತಿದ್ದರು. ನಮ್ಮನ್ನು ಕಂಡು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು.

“ತಾಯಿ, ಅವತ್ತು ಕುಲುಕ್ತಾ?”

“ನೀವಿದ್ದಗಂಟ ಇಲ್ಲ ಕಣಣ್ಣ. ಆಮ್ಯಾಕೆ ಮೈಸೂರುಗಂಟ ಕುಲುಕ್ತು.”

ಸಾಬರು ನಗಲಿಲ್ಲ. “ಎಲ್ಲೆಲ್ಲಿ?” ಎಂದರು. ಅಮ್ಮ ಒಂದೊಂದು ತಿರುವನ್ನೂ ಹೇಳಿದಳು. ಅವರು ಹಾರೆ ಊರಿಕೊಂಡು ಪೂರ್ತಿ ಕೇಳಿದರು.

ಮತ್ತೆ ಅವರ ಕೈಗೆ ಇಂಜಿನ್ ಬರಲಿಲ್ಲ. ಕೆಲವು ವರ್ಷದ ಮೇಲೆ, ಸಾಬರು ತೀರಿಕೊಂಡರೆಂದು ಹುಣಸೂರು ಸಂತೆಯಿಂದ ಬಂದ ಗಾಡಿಯವನು ಹೇಳಿದ. ಅಮ್ಮ ನನ್ನ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು.

“ಇತ್ಲಾಗೆ ತಿರುಗ್ಬೇಡ” ಎಂದಳು.

ತಿರುಗಲಿಲ್ಲ. ಆಮೇಲೆ ಜಡೆ ಹೆಣೆದಳು, ನೆತ್ತಿ ನೋಯುವಷ್ಟು ಬಿಗಿಯಾಗಿ.