ನನಗಿಂತ ಮೊದಲೇ ಬಂದು ಹೋದವನು

ದೆವ್ವ, ಭೂತ, ಗಾಳಿ ಸೋಂಕು ಎಂದು ಯಾರಾದರೂ ಹೇಳಿದರೆ ನಗುವವರ ಪೈಕಿ ನಾನು. ಮೈಕ್ ಸೆಟ್ ಕಟ್ಟುವವನಿಗೆ ಆ ಭಯ ಇದ್ದರೆ ಹೊಟ್ಟೆ ತುಂಬುವುದಿಲ್ಲ. ಊರಿನ ಎಲ್ಲಕ್ಕಿಂತ ಎತ್ತರದ ಮರ ಯಾವಾಗಲೂ ಯಾರೋ ಒಬ್ಬರು ದೆವ್ವ ಕಂಡ ಹುಣಸೆಮರವೇ ಆಗಿರುತ್ತದೆ. ಭೊಂಗಾ, ಅಂದರೆ ತುತ್ತೂರಿಯಂಥ ಧ್ವನಿವರ್ಧಕ, ಕಟ್ಟಲು ಅದನ್ನೇ ಹತ್ತಬೇಕು. ಅಂಥ ಎಷ್ಟೋ ಮರ ಹತ್ತಿದ್ದೇನೆ. ಕೆಂಪಿರುವೆ ಕಚ್ಚಿದ್ದು ಬಿಟ್ಟರೆ ಬೇರೇನೂ ಆಗಿಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರಿಗೆ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ತೀನ್ ಕಂದೀಲ್ ಚೌಕದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಅಂಗಡಿ. ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ಎರಡು ಭೊಂಗಾ, ಕಾರಿನ ಬ್ಯಾಟರಿ, ಟ್ರಂಕಿನ ತುಂಬ ಹಾಡಿನ ರೆಕಾರ್ಡುಗಳು. ಈಗಿನ ಹುಡುಗರು ಇದೇ ಕಸುಬಿಗೆ ಡಿಜೆ ಎನ್ನುತ್ತಾರೆ. ಆಗ ನಮ್ಮನ್ನು ‘ಭೊಂಗಾದವ’ ಎಂದು ಕರೆಯುತ್ತಿದ್ದರು. ಮದುವೆಗಳ ಕಾಲದಲ್ಲಿ ನಮಗೆ ನಿದ್ದೆಗೆ ಪುರಸತ್ತು ಇರುತ್ತಿರಲಿಲ್ಲ. ಆಷಾಢ ಬಂತೆಂದರೆ ನಿದ್ದೆಯೊಂದೇ ಕೆಲಸ. ಉಳಿದ ಅಂಗಡಿಯವರು ಆ ತಿಂಗಳು ಹಳ್ಳಿಹಳ್ಳಿ ತಿರುಗಿ, ಗೌಡರಿಗೆ ಚಹಾ ಕುಡಿಸಿ, ಶ್ರಾವಣದ ಪುರಾಣಕ್ಕೆ, ಮುಂದಿನ ಮದುವೆಗಳಿಗೆ ಮೊದಲೇ ಮಾತು ತೆಗೆದುಕೊಂಡು ಬರುತ್ತಿದ್ದರು. ನನ್ನಿಂದ ಅದು ಆಗುತ್ತಿರಲಿಲ್ಲ. ಗುರುತಿಲ್ಲದವರ ಮುಂದೆ ನಿಂತರೆ ನಾಲಗೆ ಅಂಗುಳಿಗೆ ಅಂಟುತ್ತಿತ್ತು. “ನಿನ್ನ ಬಾಯಿ ಆ ಭೊಂಗಾದಾಗ ಅದ, ಅದನ್ನ ಇಳಿಸಿಟ್ರ ನೀ ಮೂಗ” ಎಂದು ನಮ್ಮವ್ವ ಹೇಳುತ್ತಿದ್ದಳು.

ಆ ವರ್ಷ ಸೋದರಮಾವ ಒಂದು ಹತ್ತಿ ಮಿಲ್ಲಿನಲ್ಲಿ ನನಗೆ ಕಾವಲುಗಾರನ ಕೆಲಸ ನೋಡಿಟ್ಟಿದ್ದ. ಆಷಾಢ ಕಳೆಯುವುದರೊಳಗೆ ಮೂರು ಕಡೆ ಕೆಲಸ ಹಿಡಿಯದಿದ್ದರೆ ಸೆಟ್ ಮಾರಿ ಮಿಲ್ಲಿಗೆ ಬರುವುದಾಗಿ ಒಪ್ಪಿಕೊಂಡೆ. ಒಪ್ಪಿದ ಮರುದಿನವೇ ಜ್ವರ ಬಂತು. ಒಂದು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಹಿತ್ತಿಲಿಗೆ ಹೋಗಬೇಕಾದರೂ ಅವ್ವ ರಟ್ಟೆ ಹಿಡಿಯಬೇಕಿತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಏಕೆಂದರೆ ಇಡೀ ಕಥೆ ನಿಂತಿರುವುದೇ ಇದರ ಮೇಲೆ.

ಜ್ವರ ಬಿಟ್ಟ ಮೇಲೆ ಧೈರ್ಯ ಮಾಡಿ ದೇವದುರ್ಗದ ಬಸ್ಸು ಹತ್ತಿದೆ. ಬಜಾರಿನಲ್ಲಿ ಮಧ್ಯಾಹ್ನದವರೆಗೆ ತಿರುಗಿದೆ. ಒಂದು ಕಿರಾಣಿ ಅಂಗಡಿಯ ಮುಂದೆ ಮೈಕಿನ ವಿಷಯ ತೆಗೆಯಲು ಹೋಗಿ, ಬಾಯಿ ಬಾರದೆ, ಬೇಡದಿದ್ದ ಬೆಂಕಿಪೊಟ್ಟಣ ಕೊಂಡೆ. ಮುಂದಿನ ಅಂಗಡಿಯಲ್ಲಿ ಸೂಜಿ. ಹೀಗೇ ಚೀಲ ಭಾರವಾಗುತ್ತಿತ್ತೇ ಹೊರತು ಕೆಲಸ ಸಿಗುವ ಲಕ್ಷಣ ಇರಲಿಲ್ಲ. ಸೋತು ಬಸ್ ನಿಲ್ದಾಣಕ್ಕೆ ಬಂದು ಕೂತಾಗ, ಎಂದೂ ನೋಡಿರದ ಒಬ್ಬ ದಪ್ಪ ಮನುಷ್ಯ ಬಂದು ನನ್ನ ಬೆನ್ನಿಗೆ ಗುದ್ದಿದ.

“ಏನಲೇ ಭೊಂಗಾ, ಮೊನ್ನಿ ಎಲ್ಲಾ ಮಾತಾಡಿ ಹೋಗೀದಿ, ಮತ್ತ ಇಲ್ಲಿ ಯಾರ್ನ ಹುಡುಕಾಕತ್ತಿ?”

ಅವನು ಮಸರಕಲ್ಲಿನ ಅಮರಪ್ಪ. ಊರಲ್ಲಿ ಹೊಸದಾಗಿ ಹಿಟ್ಟಿನ ಗಿರಣಿ ಹಾಕಿದ್ದ. ಆಷಾಢ ಮುಗಿಯಲಿ ಎಂದು ಬೀಗ ಹಾಕಿಟ್ಟುಕೊಂಡಿದ್ದವನನ್ನು, ಈಗಲೇ ಹಾಡು ಹಾಕಿಸಿ ಗಿರಣಿ ಶುರು ಮಾಡಲು ನಾನೇ ಹೋಗಿ ಒಪ್ಪಿಸಿದ್ದೆನಂತೆ. ಗಿರಣಿಯ ಬೆಲ್ಟಿಗೆ ಆಷಾಢ ಯಾವುದು ಶ್ರಾವಣ ಯಾವುದು, ಹಸಿವೆಗೆ ಯಾವ ತಿಂಗಳು ಎಂದೆಲ್ಲ ಹೇಳಿದೆನಂತೆ. ಗಿರಣಿ ಸದ್ದು ಮಾಡುವುದನ್ನು ಬಾಯಲ್ಲೇ ಮಾಡಿ ತೋರಿಸಿ ಅವನ ಮುದಿ ತಾಯಿಯನ್ನು ನಗಿಸಿದೆನಂತೆ. ನಾನು ಅಲ್ಲವೆಂದರೆ ಅವನಿಗೆ ಸಿಟ್ಟು ಬಂತು. ಈಗ ಮಾತು ತಪ್ಪಿಸುತ್ತಿದ್ದೀಯಾ ಎಂದು ತನ್ನೂರಿನ ಬಸ್ಸಿಗೆ ಹತ್ತಿಸಿಕೊಂಡು ಮಸರಕಲ್ಲಿನಲ್ಲಿ ಇಳಿಸಿದ. ಅಲ್ಲಿ ಚಹಾದಂಗಡಿಯವನಿಂದ ಹಿಡಿದು ಎಲ್ಲರೂ ನನ್ನ ಗುರುತು ಹಿಡಿದು ನಕ್ಕರು. ಮುದುಕಿಯಂತೂ ನನ್ನ ಹುಬ್ಬಿನ ಮೇಲಿನ ಹಳೆಯ ಗಾಯದ ಕಲೆ ಮುಟ್ಟಿ, ಇನ್ನೊಮ್ಮೆ ಗಿರಣಿ ಸದ್ದು ಮಾಡು ಎಂದಳು. ನನಗೆ ಬರಲಿಲ್ಲ. ಬೆವರು ಮಾತ್ರ ಬಂತು.

ಯಾವನೋ ನನ್ನ ಹೆಸರು ಹೇಳಿ ಮೋಸ ಮಾಡುತ್ತಿದ್ದಾನೆ ಎಂದು ಮೊದಲು ಅನಿಸಿತು. ಆದರೆ ನನ್ನ ಹೆಸರಿನಲ್ಲಿ ನನಗೇ ಕೆಲಸ ಹಿಡಿದುಕೊಟ್ಟು ಹೋಗುವ ಮೋಸಗಾರ ಎಲ್ಲಾದರೂ ಉಂಟೇ? ಇಲ್ಲಿಂದ ಮಾನ್ವಿಗೂ ಚೀಕಲಪರ್ವಿಗೂ ಹೋಗುತ್ತೇನೆಂದು ನಾನು ಹೇಳಿದ್ದೆನಂತೆ. ಮರುದಿನ ನನ್ನನ್ನೇ ಹುಡುಕಿಕೊಂಡು ನಾನು ಮಾನ್ವಿಯ ಬಸ್ಸು ಹತ್ತಿದೆ.

ಮಾನ್ವಿಯಲ್ಲಿ ಒಬ್ಬ ದರ್ಜಿ ಅಂಗಡಿಯೊಳಗಿಂದಲೇ ಕೈಬೀಸಿ, ಬಸುರಿ ಮಗಳ ಕುಬಸದ ಕಾರ್ಯಕ್ಕೆ ಹಾಡು ಹಾಕುವ ದಿನ ಮರೆಯಬೇಡ ಎಂದ. ಈ ಸಲ ನಾನು ಅಲ್ಲವೆನ್ನಲಿಲ್ಲ. ಸುಮ್ಮನೆ ತಲೆಯಾಡಿಸಿ ಮುಂದೆ ಹೋದೆ. ಒಳಗೊಳಗೇ ಖುಷಿಯಾಗಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಚೀಕಲಪರ್ವಿಗೆ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ತುಂಗಭದ್ರೆಯ ದಂಡೆಯಲ್ಲಿ ಹುಸೇನಪ್ಪ ಎಂಬ ಅಂಬಿಗ ಬುಟ್ಟಿಯಂಥ ಹೊಸ ಹರಗೋಲನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ. ನನ್ನನ್ನು ಕಂಡವನೇ ಎದ್ದು, “ಬರ್ರಿ, ಅವ್ವಾರ್ನ ಕರ್ಕೊಂಡು ಬರ್ತೀನಂದಿದ್ರಿ, ಒಬ್ರೇ ಬಂದೀರಲ್ಲ” ಎಂದ.

ಅವ್ವ ಯಾಕೆ ಎಂದು ಕೇಳಿದೆ.

“ಹುಡುಗಿ ನೋಡಾಕ” ಎಂದ ಹುಸೇನಪ್ಪ.

ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಅವನು ಸಂಕೋಚವೆಂದುಕೊಂಡು ಎಲ್ಲ ವಿವರಿಸಿದ. ಹರಗೋಲು ನೀರಿಗಿಳಿಸುವ ದಿನ ಹಾಡು ಹಾಕುವುದಾಗಿ ಮಾತಾಡಲು ಬಂದವನು ನಾನು, ಹೋಗುವಾಗ ಅವನ ಮಗಳನ್ನೂ ಕೇಳಿ ಹೋಗಿದ್ದೆ. ನಮ್ಮ ಮನೆತನ, ಅಪ್ಪ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದದ್ದು, ಅವ್ವನ ತವರೂರು ಎಲ್ಲ ಹೇಳಿದ್ದೆ. ಮನೆತನದ ಬಗ್ಗೆ ಅವನು ರಾಯಚೂರಿನಲ್ಲಿ ವಿಚಾರಿಸಿಯೂ ಆಗಿತ್ತು, ಒಂದೂ ಸುಳ್ಳಿರಲಿಲ್ಲ. ಅವ್ವನ ತವರೂರು ಯಾವುದೆಂದು ನಮ್ಮ ಗಲ್ಲಿಯವರಿಗೇ ಗೊತ್ತಿಲ್ಲ, ಅದನ್ನೂ ಅವನು ಸರಿಯಾಗಿ ಹೇಳಿದ. ನಾನು ಮೊದಲ ಸಲ ನಿಜವಾಗಿ ಹೆದರಿದ್ದು ಆಗ.

ಅಷ್ಟರಲ್ಲಿ ಹುಡುಗಿ ತಂಬಿಗೆಯಲ್ಲಿ ನೀರು ತಂದಳು. ನರಸಮ್ಮ ಎಂದು ಹೆಸರು. ನೀರು ಕೊಟ್ಟು, ನನ್ನ ಮುಖವನ್ನೊಮ್ಮೆ ಸರಿಯಾಗಿ ನೋಡಿ, ಅಪ್ಪನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: “ಯಪ್ಪಾ, ಮೊನ್ನಿ ಬಂದವ್ರು ಇವ್ರಲ್ಲ.”

ಹುಸೇನಪ್ಪ ನಕ್ಕ. ಅದೇ ಮುಖ, ಅದೇ ಕಲೆ, ಬಲಗೈಗೆ ಅದೇ ಗಡಿಯಾರ, ನಿನಗೆ ಕಣ್ಣು ಕಾಣುವುದಿಲ್ಲವೇ ಎಂದ.

“ಅವ್ರು ನನ್ನ ಮಕಾ ನೋಡಿ ಮಾತಾಡಿದ್ರು. ಇವ್ರು ನೆಲಾ ನೋಡಾಕತ್ತ್ಯಾರ.”

ನಾನು ಆಗಲೂ ನೆಲವನ್ನೇ ನೋಡುತ್ತಿದ್ದೆ. ಎರಡು ಊರಿನ ಜನ ಗುರುತಿಸಲಾರದ್ದನ್ನು ಅವಳೊಬ್ಬಳು ಗುರುತಿಸಿದ್ದಳು. ಹೌದಮ್ಮ, ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ತಂಬಿಗೆಯ ನೀರನ್ನೆಲ್ಲ ಕುಡಿದುಬಿಟ್ಟೆ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿ, ಜ್ವರದಲ್ಲಿ ನಾನೆಲ್ಲಾದರೂ ಎದ್ದು ಹೋಗಿದ್ದೆನೇ ಎಂದು ಕೇಳಿದೆ. ಮಗ್ಗುಲು ಬದಲಿಸುವ ತ್ರಾಣವೂ ನಿನಗಿರಲಿಲ್ಲ ಎಂದಳು. ಆಮೇಲೆ, “ನಿನ್ನಂಥವ ಇನ್ನೊಬ್ಬ ಇದ್ರ ಚಲೋನ ಆತು. ಒಬ್ಬನ ಕೈಲೆ ಮನಿ ಸಾಗವಲ್ದು” ಎಂದು ಹೇಳಿ, ಹುಡುಗಿಯ ಬಣ್ಣ ಎತ್ತರ ವಿಚಾರಿಸತೊಡಗಿದಳು.

ಗಿರಣಿಗೂ ಕುಬಸಕ್ಕೂ ಹಾಡು ಹಾಕಿ ಬಂದೆ. ಹರಗೋಲಿನ ದಿನ ಮಾತ್ರ ಪೇಚಿಗೆ ಸಿಕ್ಕಿದೆ. ಭೊಂಗಾವನ್ನು ಹರಗೋಲಿನಲ್ಲೇ ಇಟ್ಟು ನೀರಿನ ಮೇಲಿನಿಂದ ಹಾಡಿಸುತ್ತೇನೆಂದು ‘ನಾನು’ ಮಾತು ಕೊಟ್ಟಿದ್ದೆನಂತೆ. ಸೆಟ್ಟನ್ನು ದಂಡೆಯಲ್ಲಿಟ್ಟು ಉದ್ದ ವೈರು ಬಿಟ್ಟೆ. ಹರಗೋಲು ಗಿರಗಿರ ತಿರುಗುವ ವಸ್ತು ಎಂಬುದು ಹೊಳೆದದ್ದು ಅದು ತಿರುಗಿದ ಮೇಲೆ. ಹಾಡು ಒಮ್ಮೆ ಈ ದಂಡೆಗೆ, ಒಮ್ಮೆ ಆ ದಂಡೆಗೆ ಕೇಳುತ್ತಿತ್ತು. ವೈರು ಮಾತ್ರ ಒಳಗೆ ಹುಟ್ಟು ಹಾಕುತ್ತಿದ್ದ ಹುಸೇನಪ್ಪನ ಸೊಂಟಕ್ಕೆ ಸುತ್ತಿಕೊಳ್ಳುತ್ತ ಹೋಯಿತು. ಕೊನೆಗೆ ಊರವರು ವೈರು ಹಿಡಿದು ಜಗ್ಗಿ, ಹರಗೋಲು, ಭೊಂಗಾ, ಹುಸೇನಪ್ಪ ಮೂವರನ್ನೂ ದಂಡೆಗೆ ತಂದರು. ಆ ಊರಲ್ಲಿ ಅಷ್ಟು ನಗು ಹಿಂದೆಂದೂ ಕೇಳಿರಲಿಲ್ಲವಂತೆ. ಅಲ್ಲಿಂದಲೇ ಸುತ್ತಲಿನ ಹಳ್ಳಿಗಳಲ್ಲಿ ನನ್ನ ಹೆಸರು ಹಬ್ಬಿತು. ಮಿಲ್ಲಿನ ಕೆಲಸಕ್ಕೆ ಮಾವ ಬೇರೆಯವನನ್ನು ನೋಡಿಕೊಂಡ. ಮುಂದೆ ನರಸಮ್ಮನ ಜೊತೆ ನನ್ನ ಮದುವೆಯೂ ಆಯಿತು.

ಮುಂದಿನ ಆಷಾಢದಲ್ಲಿ ನಾನೊಂದು ಕೆಲಸ ಮಾಡಿದೆ. ನಗಬೇಡಿ. ಜ್ವರವಿಲ್ಲದಿದ್ದರೂ ಕಂಬಳಿ ಹೊದ್ದು ವಾರವಿಡೀ ಮಲಗಿದೆ, ಅವನು ಮತ್ತೆ ಹೋಗಿ ಬರಲಿ ಎಂದು. ಎಂಟನೆಯ ದಿನ ದೇವದುರ್ಗಕ್ಕೆ ಹೋಗಿ ನೋಡಿದರೆ ಯಾರೂ ನನ್ನ ಬೆನ್ನಿಗೆ ಗುದ್ದಲಿಲ್ಲ. ಅಂದಿನಿಂದ ನಾನೇ ಮಾತಾಡುವುದನ್ನು ಕಲಿಯಬೇಕಾಯಿತು.

ನರಸಮ್ಮ ಮಾತ್ರ ತನ್ನ ಮಾತು ಬದಲಿಸಿಲ್ಲ. ನಾನು ಊಟಕ್ಕೆ ಕೂತು ಮಾತಾಡದಿದ್ದರೆ, ಸಾರು ಹೇಗಿದೆ ಎಂದು ಅವರಾದರೆ ಹೇಳುತ್ತಿದ್ದರು ಎನ್ನುತ್ತಾಳೆ. ಒಬ್ಬ ಗಂಡಸಿಗೆ ತನ್ನ ಮೇಲೆಯೇ ಹೊಟ್ಟೆಕಿಚ್ಚು ಬರುವುದು ಎಂಥ ಸಂಕಟವೆಂದು ನಿಮಗೆ ಹೇಗೆ ತಿಳಿಸಲಿ? ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟೆ: ಇಬ್ಬರೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತಿದ್ದರೆ ಯಾರನ್ನು ಒಪ್ಪುತ್ತಿದ್ದೆ?

ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. “ಅವ್ರು ಬಾಳ ಚಂದ ಮಾತಾಡಿದ್ರು” ಎಂದಳು. ಹಂಚಿನ ಮೇಲಿನ ರೊಟ್ಟಿ ಮಗುಚಿ, “ಆದ್ರ ಹೇಳಿದ ದಿನ ಭೊಂಗಾ ಹೊತ್ಕೊಂಡು ಬಂದವ್ರು ನೀವು” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದಳು.

ನನಗೆ ಅಷ್ಟು ಸಾಕು. ಆದರೆ ಅವನು ಯಾರು, ನನಗಾಗಿ ಅಷ್ಟು ಊರು ಯಾಕೆ ಸುತ್ತಿದ, ಅಷ್ಟು ಬಾಯಿ ಇದ್ದವನು ತನಗಾಗಿ ಏನನ್ನೂ ಯಾಕೆ ಕೇಳಿಕೊಳ್ಳಲಿಲ್ಲ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ.