ಲೀಟರಿಗೆ ಮೂವತ್ತೊಂದು

ನನ್ನ ಕಾರು ಲೀಟರಿಗೆ ಮೂವತ್ತೊಂದು ಕಿಲೋಮೀಟರ್ ಕೊಡುತ್ತದೆ. ಫೋಟೊ ಸಮೇತ ಪುರಾವೆ ಇದೆ.

ಪುರಾವೆ ಸುಳ್ಳು. ಟಿ.ಬಿ. ಡ್ಯಾಂ ಹತ್ತಿರದ ಏರು ಹತ್ತಿ, ಮೇಲೆ ಮೈಲೇಜ್ ಮೀಟರನ್ನು ಸೊನ್ನೆ ಮಾಡಿ, ಅಲ್ಲಿಂದ ಇಳಿದು ಬಂದೆ. ಕೆಳಗೆ ಬರುವಷ್ಟರಲ್ಲಿ ತೊಂಬತ್ತೊಂಬತ್ತು ತೋರಿಸುತ್ತಿತ್ತು. ಅದನ್ನು ಯಾರು ನಂಬುತ್ತಾರೆ? ಸಪಾಟು ರಸ್ತೆಯಲ್ಲಿ ಇನ್ನಷ್ಟು ದೂರ ಓಡಿಸಿ, ನಂಬುವಂಥ ಅಂಕಿ ಬಂದ ಕೂಡಲೇ ಕ್ಲಿಕ್ ಮಾಡಿದೆ.

ಯಾರನ್ನು ನಂಬಿಸಲು? ನಮ್ಮ ಕಾರು ಗ್ರೂಪನ್ನು. ಹೊಸಪೇಟೆ, ಸಂಡೂರು, ಕಂಪ್ಲಿಯ ಕಾರುಪ್ರಿಯರೆಲ್ಲ ಸೇರಿಕೊಂಡಿರುವ ವಾಟ್ಸ್ಯಾಪ್ ಬಳಗ ಅದು. ಭಾನುವಾರ ಬೆಳಿಗ್ಗೆ ಕಡ್ಡಿರಾಂಪುರದ ಹೋಟೆಲಿನ ಮುಂದೆ ಕೂಡುತ್ತೇವೆ. ಮಿರ್ಚಿ ಬರುವವರೆಗೆ ಒಬ್ಬರ ಕಾರಿನ ಬಾನೆಟ್ ಎತ್ತಿ, ಹೆಣ್ಣು ನೋಡಲು ಬಂದವರ ಗಾಂಭೀರ್ಯದಲ್ಲಿ ಒಳಗೆ ಇಣುಕುತ್ತೇವೆ.

ಕಂಪ್ಲಿಯ ರೈಸ್‌ಮಿಲ್ ಮಾಲೀಕರೊಬ್ಬರ ಕಾರು ಒಮ್ಮೆ ಚಾಲೂ ಆಗಲಿಲ್ಲ. ಎರಡು ತಾಸು ಚರ್ಚಿಸಿ ಫ್ಯೂಯಲ್ ಪಂಪ್ ಹೋಗಿದೆ ಎಂದು ಸರ್ವಾನುಮತದಿಂದ ತೀರ್ಮಾನಿಸಿದೆವು. ಅವರು ಹೊಸ ಪಂಪ್ ಹಾಕಿಸಿದರು. ಆಮೇಲೆ ನೋಡಿದರೆ, ಮಿಲ್ಲಿನ ಭತ್ತ ತಿಂದು ಕೊಬ್ಬಿದ ಇಲಿ ವೈರ್ ಕಡಿದಿತ್ತು. (ಇಲಿಯನ್ನು ಅನುಮಾನಿಸಲು ನಮ್ಮ ಘನತೆ ಒಪ್ಪಿರಲಿಲ್ಲ.)

ಅಂಥ ಗ್ರೂಪಿನಲ್ಲಿ ನನ್ನ ಮೂವತ್ತೊಂದು ಬಿತ್ತು ನೋಡಿ, ಶುರುವಾಯಿತು. ಹೇಗೆ ಸಾರ್? ಯಾವ ಪೆಟ್ರೋಲ್ ಸಾರ್? ಟೈರಿಗೆ ಗಾಳಿ ಎಷ್ಟು ಸಾರ್? ನಾನು ಗಂಭೀರವಾಗಿ ಟೈಪ್ ಮಾಡಿದೆ: ‘ಸಂಡೂರು ಘಾಟ್ ಇಳಿಯುವಾಗ ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ. ಸ್ಮೂತ್ ಆಗಿ ಬಿಡಿ. ಅಷ್ಟೇ ಟೆಕ್ನಿಕ್.’

ನಾನು ಹಾಗೆ ಒಮ್ಮೆಯೂ ಇಳಿದವನಲ್ಲ. ಎಲ್ಲೋ ಕೇಳಿದ್ದ ಮಾತು, ಬರೆದಾಗ ಚೆನ್ನಾಗಿ ಕಂಡಿತು. ಕೆಳಗೆ ಚಪ್ಪಾಳೆಗಳು ಬಿದ್ದವು. ಒಬ್ಬರು ‘ನಾನೂ ಹಂಗ ಇಳೀತೀನಿ’ ಎಂದು ಇಪ್ಪತ್ತೊಂಬತ್ತರ ಫೋಟೊ ಹಾಕಿದರು, ಇನ್ನೊಬ್ಬರು ಮೂವತ್ತಮೂರರದ್ದು. ನನಗೆ ಹೊಟ್ಟೆಕಿಚ್ಚೂ ಆಯಿತು.

ವೀರಭದ್ರಪ್ಪನವರು ಫೋಟೊ ಹಾಕಲಿಲ್ಲ, ಬರೆದುಕೊಂಡರು. ಡ್ಯಾಂನ ಕಾಲುವೆ ಆಫೀಸಿನಿಂದ ರಿಟೈರ್ ಆದ ಮೇಲೆ ಡ್ರೈವಿಂಗ್ ಕಲಿತವರು. ಗ್ರೂಪಿನಲ್ಲಿ ಬರುವ ಸಲಹೆಗಳನ್ನೆಲ್ಲ ಆಫೀಸಿನ ಹಳೆಯ ಡೈರಿಯಲ್ಲಿ ನಂಬರ್ ಹಾಕಿ ಇಳಿಸುತ್ತಾರೆ. ನನ್ನ ಟೆಕ್ನಿಕ್ಕಿಗೆ ಕೆಂಪು ಶಾಯಿಯ ಅಡಿಗೆರೆ ಬಿದ್ದಿತ್ತಂತೆ.

ಮೊನ್ನೆ ಭಾನುವಾರ ಅವರು ಹೆಂಡತಿ ಗೌರಮ್ಮನವರ ಜೊತೆ ಸಂಡೂರಿನ ಬೀಗರ ಮನೆಯಲ್ಲಿ ಊಟ ಮುಗಿಸಿ ಹೊಸಪೇಟೆಗೆ ಹೊರಟರು. ಘಾಟ್ ಬಂತು. ನ್ಯೂಟ್ರಲ್‌ಗೆ ಹಾಕಿದರು. ಕಾರು ಓಟ ಕಿತ್ತಿತು. ಮುಂದೆ ಅದಿರಿನ ಲಾರಿ. ಬ್ರೇಕ್ ಒತ್ತಿದರು, ಒತ್ತುತ್ತಲೇ ಇದ್ದರು. ಸುಟ್ಟ ವಾಸನೆ ಬಂತು. ಆಮೇಲೆ ಎಷ್ಟು ಒತ್ತಿದರೂ ಕಾರು ಕೇಳಲಿಲ್ಲ. ಲಾರಿಗೆ ಗುದ್ದುವ ಬದಲು ಗುಡ್ಡದ ಬದಿಯ ಕೆಂಪು ಮಣ್ಣಿನ ದಿಬ್ಬಕ್ಕೆ ಕಾರು ನುಗ್ಗಿಸಿದರು. ಬಂಪರ್ ಮುರಿಯಿತು. ಗೌರಮ್ಮನವರ ಬಲಗೈ ಮುರಿಯಿತು. ಇನ್ನೊಂದು ಬದಿಗೆ ಹೋಗಿದ್ದರೆ ಕಂದಕವಿತ್ತು.

ಕನ್ನಡಿಯಲ್ಲಿ ನೋಡಿದ ಲಾರಿ ಡ್ರೈವರ್ ನಿಲ್ಲಿಸಿ ಓಡಿ ಬಂದ. ಗೌರಮ್ಮನವರ ಕೈಗೆ ತನ್ನ ಟವೆಲ್ಲಿನಿಂದ ಜೋಲಿ ಕಟ್ಟಿದ. ಆಮೇಲೆ ಕೇಳಿದ, “ಯಾವ ಗೇರ್‌ನ್ಯಾಗ ಇದ್ರಿ?”

“ನ್ಯೂಟ್ರಲ್.”

“ಯಾರ್ ಹೇಳಿದ್ರು ರೀ ನಿಮಗ? ಏರೋವಾಗ ಯಾವ ಗೇರೋ, ಇಳಿಯೋವಾಗ್ಲೂ ಅದ ಗೇರ್ ರೀ. ಇಂಜಿನ್ ಹಿಡ್ಕಂತೈತಿ. ಬ್ರೇಕ್ ಒಂದ ಎಷ್ಟಂತ ಹಿಡೀಬೇಕು?”

ಅಷ್ಟರಲ್ಲಿ ವೀರಭದ್ರಪ್ಪನವರು ಮಣ್ಣಿನಲ್ಲಿ ಸಿಕ್ಕ ಕಾರಿನ ಫೋಟೊ ಗ್ರೂಪಿಗೆ ಹಾಕಿ, ‘ಬ್ರೇಕ್ ಹಿಡಿಯಲಿಲ್ಲ. ಮನೆಯವರ ಕೈಗೆ ಪೆಟ್ಟಾಗಿದೆ’ ಎಂದು ಬರೆದಿದ್ದರು. ನಾವು ಮುಗಿಬಿದ್ದೆವು. ಆಯಿಲ್ ಹಳೆಯದಿರಬೇಕು. ಪ್ಯಾಡ್ ಡೂಪ್ಲಿಕೇಟ್ ಇರಬೇಕು. ಕಂಪನಿ ಮೇಲೆ ಕೇಸ್ ಹಾಕಿ. ನಾನೂ ‘ಬ್ರೇಕ್ ಲೈನಿನಲ್ಲಿ ಗಾಳಿ ಸೇರಿದೆ’ ಎಂದು ತೀರ್ಪು ಕೊಟ್ಟೆ. ಕೈ ಹೇಗಿದೆ ಎಂದು ಕೇಳಿದವರು ಒಬ್ಬರೂ ಇಲ್ಲ, ನನ್ನನ್ನೂ ಸೇರಿಸಿ.

ಮರುದಿನ ಅವರ ಮನೆಗೆ ಹೋದೆ. ಗೌರಮ್ಮನವರ ಕೈಗೆ ಪ್ಲಾಸ್ಟರ್. ಚಹಾ ತಂದದ್ದು ವೀರಭದ್ರಪ್ಪ.

“ತಪ್ಪು ನಂದ ರೀ ಸರ,” ಅಂದರು. “ನೀವು ಸ್ಮೂತ್ ಅಂತ ಬರದಿದ್ರಿ. ನಾ ಭಾಳ ಜೋರ್ ಒತ್ತಿಬಿಟ್ಟೆ.”

ಗೌರಮ್ಮನವರು ನನ್ನನ್ನೇ ನೋಡುತ್ತಿದ್ದರು.

“ನೀವು ಆ ಘಾಟ್‌ನ್ಯಾಗ ಎಷ್ಟ್ ಸಲ ಹಂಗ ಇಳಿದೀರಿ?”

“ಒಂದ್ ಸಲಾನೂ ಇಲ್ರಿ ಅಮ್ಮ.”

“ಮತ್ಯಾಕ ಬರದ್ರಿ?”

ಡ್ಯಾಂ ಇಳಿಜಾರಿನ ಕತೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ವೀರಭದ್ರಪ್ಪ ಡೈರಿ ತಂದು, ಆ ಸಾಲಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದರು. ಬೈದಿದ್ದರೆ ಹಗುರಾಗುತ್ತಿದ್ದೆ.

ವಾಪಸ್ ಬರುವ ದಾರಿಯಲ್ಲಿ ಮೆಕ್ಯಾನಿಕ್ ಒಬ್ಬನನ್ನು ಕೇಳಿದೆ. ಈಗಿನ ಕಾರುಗಳು ಗೇರಿನಲ್ಲಿದ್ದು, ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲೇ ಕುಡಿಯುವುದಿಲ್ಲವಂತೆ. ನ್ಯೂಟ್ರಲ್‌ನಲ್ಲಿ ಕುಡಿಯುತ್ತವಂತೆ. ಅಂದರೆ ನನ್ನ ಟೆಕ್ನಿಕ್ಕಿನಿಂದ ಹನಿ ಪೆಟ್ರೋಲೂ ಉಳಿಯುತ್ತಿರಲಿಲ್ಲ.

ಅವತ್ತು ಸಂಜೆಯೇ ಗ್ರೂಪಿನಲ್ಲಿ ಬರೆದೆ: ‘ನನ್ನ ಮೂವತ್ತೊಂದು ಸುಳ್ಳು. ನ್ಯೂಟ್ರಲ್‌ನಲ್ಲಿ ನಾನು ಎಂದೂ ಘಾಟ್ ಇಳಿದಿಲ್ಲ. ದಯವಿಟ್ಟು ಯಾರೂ ಇಳಿಯಬೇಡಿ. ಗೌರಮ್ಮನವರ ಕೈ ಮುರಿದದ್ದು ನನ್ನಿಂದ.’

ಎಲ್ಲರೂ ಓದಿದರು. ಅರ್ಧ ತಾಸಿನ ಬಳಿಕ ಯಾರೋ ವೈಪರ್ ಬ್ಲೇಡಿನ ಬಗ್ಗೆ ಕೇಳಿದರು, ಒಂಬತ್ತು ಜನ ಸಲಹೆ ಕೊಟ್ಟರು.

ಆದರೆ ನನ್ನೊಬ್ಬನಿಗೇ ಪ್ರತ್ಯೇಕವಾಗಿ ಮೆಸೇಜ್‌ಗಳು ಬರತೊಡಗಿದವು. ಇಪ್ಪತ್ತೊಂಬತ್ತರವರು ಬರೆದರು: ‘ನಂದೂ ಅಂಥಾದ್ದ ರೀ ಸರ. ಗ್ರೂಪ್‌ನ್ಯಾಗ ಹೇಳಬ್ಯಾಡ್ರಿ.’ ಮೂವತ್ತಮೂರರವರೂ ಅದನ್ನೇ ಬರೆದರು. ರಾತ್ರಿ ಊಟದ ಹೊತ್ತಿಗೆ ಇನ್ನೂ ನಾಲ್ವರು.

ಹಾಗಾದರೆ ನಮ್ಮ ಇಡೀ ಗ್ರೂಪಿನಲ್ಲಿ ಆ ಘಾಟನ್ನು ನಿಜವಾಗಿ ನ್ಯೂಟ್ರಲ್‌ನಲ್ಲಿ ಇಳಿದವರು ವೀರಭದ್ರಪ್ಪ ಒಬ್ಬರೇ ಏನು?