ಕಾಕಾನ ಕಾರಿನ ಪರಕಾಯ ಪ್ರವೇಶ

ಎಂಜಿನ್ನಿನ ಮೇಲ್ಮುಚ್ಚಳದಲ್ಲಿ ಮೂರು ವಿಭೂತಿ ಗೆರೆಗಳಿದ್ದವು. ನಡುವಿನದು ಎಡಕ್ಕೆ ತುಸು ಜಾರಿತ್ತು. ಪ್ರತಿ ಅಮಾವಾಸ್ಯೆಗೂ ಕಾಕಾ ಬಾನೆಟ್ ತೆಗೆದು ಅದೇ ಜಾಗದಲ್ಲಿ ಹಚ್ಚುತ್ತ ಬಂದಿದ್ದರಿಂದ ಅವು ಬಣ್ಣದಂತೆ ತಗಡಿಗೆ ಅಂಟಿಬಿಟ್ಟಿದ್ದವು. ಕುಂದಗೋಳದ ಗ್ಯಾರೇಜಿನಲ್ಲಿ ಎಂಜಿನ್ನನ್ನು ಸರಪಳಿಗೆ ಕಟ್ಟಿ ಮೇಲೆತ್ತಿದಾಗ ನಾನು ಗಮನಿಸಿದ್ದು ಅಷ್ಟನ್ನೇ. ನನ್ನ ಖರ್ಚಿನ ಅಂದಾಜಿನಲ್ಲಿ ಆ ಗೆರೆಗಳಿಗೆ ಒಂದು ಸಾಲೂ ಇರಲಿಲ್ಲ.

ಕಾರು ಅಜ್ಜನ ಕಾಲದ ಅಂಬಾಸಿಡರ್. ಸಂಶಿಯ ನಮ್ಮ ಮನೆಯಲ್ಲಿ ಅದನ್ನು ಓಡಿಸುವವರು ಒಬ್ಬರೇ: ಅಪ್ಪನ ತಮ್ಮ, ನನ್ನ ಕಾಕಾ. ಓಡಿಸುವುದಕ್ಕಿಂತ ಹೆಚ್ಚಾಗಿ ಅವರು ಅದನ್ನು ಕೇಳುತ್ತಿದ್ದರು ಎನ್ನಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ, "ಎರಡನೇ ಸಿಲಿಂಡರ್ ಸ್ವಲ್ಪ ಸಿಟ್ಟಾಗೈತಿ" ಎನ್ನುತ್ತಿದ್ದರು. ಗ್ಯಾರೇಜಿನ ಮಿಸ್ತ್ರಿ ಬಿಚ್ಚಿ ನೋಡಿದರೆ ಸಿಟ್ಟು ಅಲ್ಲಿಯೇ ಇರುತ್ತಿತ್ತು.

ಹೋದ ವರ್ಷ ಕಾರು ಹೊಗೆ ಉಗುಳುತ್ತ, ಆಯಿಲ್ ಕುಡಿಯುತ್ತ, ಏರಿನಲ್ಲಿ ನಿಂತೇಬಿಡುವಂತಾಯಿತು. ಕಾಕಾ ಓಡಿಸುವುದನ್ನು ಬಿಟ್ಟುಬಿಡಬಾರದು ಎಂಬುದು ನನ್ನ ಆಸೆ. ನನ್ನ ಸಂಬಳದಲ್ಲಿ ರಿಪೇರಿ ಮಾಡಿಸುತ್ತೇನೆಂದು ಅವರನ್ನು ಕರೆದುಕೊಂಡು ಗ್ಯಾರೇಜಿಗೆ ಹೋದೆ.

"ತಂಗೀ, ಇದನ್ನ ಬಿಚ್ಚಿ, ಹೊಸಾ ಪಿಸ್ಟನ್ ಹಾಕಿ ಕಟ್ಟಬೇಕಂದ್ರ ಸಾಮಾನು ಹುಡುಕೂದ್ರಾಗ ನನಗ ಮುಪ್ಪು ಬರತೈತಿ" ಎಂದರು ಮಿಸ್ತ್ರಿ. "ಬ್ಯಾರೆ ಗಾಡೀದು ಛಲೋ ಎಂಜಿನ್ ಐತಿ, ಅದನ್ನ ಕೂಡಸೂಣು. ಮುದುಕಗ ಎರಡನೇ ಲಗ್ನಾ ಮಾಡಿದಂಗ."

"ಮುದುಕನ್ನ ಕೇಳೀಯೇನೋ?" ಎಂದರು ಕಾಕಾ.

ಎಲ್ಲರೂ ನಕ್ಕೆವು. ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಮನೆಗೆ ಬಂದು ಹಾಳೆಯ ಮೇಲೆ ಎರಡು ಪಟ್ಟಿ ಬರೆದೆ. ಹಳೆಯದನ್ನು ಬಿಚ್ಚಿ ಕಟ್ಟುವುದಕ್ಕಿಂತ ಬದಲಿ ಎಂಜಿನ್ ಹದಿನೆಂಟು ಸಾವಿರ ಅಗ್ಗ. ಕಾಕಾ ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿ ಹಾಳೆಯನ್ನು ಮಡಿಸಿ ಕೊಟ್ಟರು. "ಲೆಕ್ಕ ಬರೋಬರಿ ಐತಿ ತಂಗಿ." ಅವರು ಹೇಳಿದ್ದು ಲೆಕ್ಕದ ಬಗ್ಗೆ ಮಾತ್ರ. ನಾನು ಅದನ್ನು ಒಪ್ಪಿಗೆ ಎಂದು ಬರೆದುಕೊಂಡೆ.

ಲೆಕ್ಕವಾದರೂ ಉಳಿಯಿತೇ? ಲಂಗೋಟಿಯನ್ನು ಇಲಿಯಿಂದ ಕಾಯಲು ಸನ್ಯಾಸಿ ಬೆಕ್ಕು ಸಾಕಿದ, ಬೆಕ್ಕಿನ ಹಾಲಿಗೆಂದು ಆಕಳು ಕಟ್ಟಿದ, ಆಕಳು ನೋಡಿಕೊಳ್ಳಲು ಲಗ್ನವಾದ ಎಂಬ ಕಥೆ ಎಲ್ಲರಿಗೂ ಗೊತ್ತು. ಹೊಸ ಎಂಜಿನ್ ಹಳೆಯ ಜಾಗದಲ್ಲಿ ಕೂಡ್ರಲಿಲ್ಲ. ಅದಕ್ಕೆ ಕಬ್ಬಿಣದ ಆಸರೆ ಬೆಸೆಯಬೇಕಾಯಿತು. ಅದರ ಜೊತೆ ಅದರದೇ ಗೇರ್‌ಬಾಕ್ಸ್ ಬಂತು, ಗೇರ್‌ಬಾಕ್ಸಿಗೆ ತಕ್ಕಂತೆ ಶಾಫ್ಟ್ ಕತ್ತರಿಸಿದರು, ಕಾವು ಹೆಚ್ಚೆಂದು ರೇಡಿಯೇಟರ್ ಬದಲಾಯಿತು. ಕೊನೆಗೆ, ಹಳೆಯದನ್ನೇ ಕಟ್ಟಿಸಿದ್ದರೆ ಆಗುತ್ತಿದ್ದುದಕ್ಕಿಂತ ಹನ್ನೊಂದು ಸಾವಿರ ಹೆಚ್ಚೇ ಆಯಿತು. ನಾನು ಸಂಖ್ಯಾಶಾಸ್ತ್ರ ಓದಿದವಳು. ಅಂದಾಜಿನಲ್ಲಿ ನುಸುಳುವ ತಪ್ಪುಗಳ ಬಗ್ಗೆ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ವಾರ ಆ ಪಾಠವನ್ನು ಸ್ವಲ್ಪ ಮೆಲುದನಿಯಲ್ಲಿ ಮಾಡಿದೆ.

ಹಳೆಯ ಎಂಜಿನ್ ಗುಜರಿಗೆ ಹೋಗಿ, ಅಲ್ಲಿಂದ ಕುಲುಮೆಗೆ ಹೋಯಿತು. ವಿಭೂತಿ ಗೆರೆಗಳೂ ಅದರೊಂದಿಗೆ ಹೋದವು.

ದೇಹವನ್ನು ಬಟ್ಟೆಯಂತೆ ಬದಲಿಸುತ್ತದಂತೆ ಆತ್ಮ. ನಾನು ಮಾಡಿದ್ದು ಅದರ ಉಲ್ಟಾ: ಬಟ್ಟೆ ಹಳೆಯದೇ, ಆತ್ಮ ಬೇರೆಯದು. ಪರಕಾಯ ಪ್ರವೇಶದ ಕಥೆಗಳಲ್ಲಿ ರಾಜನ ದೇಹದೊಳಗೆ ಇನ್ನಾರೋ ಹೊಕ್ಕಾಗ ಮಂತ್ರಿಗಳಿಗೆ, ಪ್ರಜೆಗಳಿಗೆ ಏನೂ ತಿಳಿಯುವುದಿಲ್ಲ. ಮನೆಯವರಿಗೆ ಮಾತ್ರ ತಿಳಿಯುತ್ತದೆ. ನಮ್ಮ ಓಣಿಯವರೂ ಹಾಗೇ. "ಅಗದಿ ಮಸ್ತ್ ಆತ್ ನೋಡ್ರಿ ಗಾಡಿ" ಎಂದರು. ಕಾಕಾ ಹೌದೆಂದು ತಲೆಯಾಡಿಸಿದರು. ಆದರೆ ದಾರಿಯಲ್ಲಿ ಏನಾದರೂ ಸದ್ದಾದರೆ ಪಕ್ಕದಲ್ಲಿ ಕೂತ ನನ್ನನ್ನು, "ಏನಂತೈತಿ ತಂಗಿ ಇದು?" ಎಂದು ಕೇಳತೊಡಗಿದರು. ಮೂವತ್ತು ವರ್ಷ ಯಾರನ್ನೂ ಕೇಳದವರು. "ಮಿಸ್ತ್ರಿಗೆ ಫೋನ್ ಮಾಡೂಣ್ರಿ" ಎನ್ನುತ್ತಿದ್ದೆ. ಸೀಟಿನ ಕೆಳಗೆ ಸ್ಕ್ರೂಡ್ರೈವರಿಗೆ ತುಕ್ಕು ಹಿಡಿಯಿತು. ಅವರು ಓಡಿಸುತ್ತಲೇ ಇರಲಿ ಎಂದು ಬಯಸಿ, ಅವರು ಕಲಿತ ವಿದ್ಯೆಯನ್ನೇ ನಾನು ಗುಜರಿಗೆ ಹಾಕಿಬಂದಿದ್ದೆ.

ಮೊನ್ನೆ ಅಮಾವಾಸ್ಯೆ. ಕಾಕಾ ಕಾರು ತೊಳೆದು, ಗಾಲಿಗಳಡಿ ಲಿಂಬೆಹಣ್ಣು ಇಟ್ಟು, ಮುಚ್ಚಿದ ಬಾನೆಟ್ಟಿನ ಮೇಲೆಯೇ ವಿಭೂತಿ ಎಳೆದು ಕಾಯಿ ಒಡೆದರು.

"ಕಾಕಾ, ಬಾನೆಟ್ ತೆಗೀಲೇ ಇಲ್ಲಲ್ರಿ?"

"ಒಳಗಿಂದು ನನಗ ಗುರ್ತಿಲ್ಲಬೇ" ಎಂದು ಕೈಗೆ ಹತ್ತಿದ ವಿಭೂತಿಯನ್ನು ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬೇಗ ಎದ್ದು ಸ್ಕ್ರೂಡ್ರೈವರಿನ ತುಕ್ಕು ತಿಕ್ಕಿದೆ. ಬಾನೆಟ್ ಎತ್ತಿ, ಕಾರು ಚಾಲೂ ಮಾಡಿ, ತುದಿಯನ್ನು ಎಂಜಿನ್ನಿಗೆ ಊರಿ ಹಿಡಿಗೆ ಕಿವಿಗೊಟ್ಟೆ. ಹಿಟ್ಟಿನ ಗಿರಣಿಯೊಂದು ತಲೆಯೊಳಗೇ ತಿರುಗಿದಂತಾಯಿತು; ಬೇರೇನೂ ತಿಳಿಯಲಿಲ್ಲ. ತಿರುಗಿ ನೋಡಿದರೆ ಕಾಕಾ ಚಹಾದ ಕಪ್ಪು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು.

"ಏನ್ ಹೇಳ್ತೈತಿ?"

"ನನಗ ತಿಳೀವಲ್ದ್ರಿ. ಬರ್ರಿ, ನಿಮಗ ಗುರ್ತಾ ಮಾಡಿಕೊಡ್ತೀನಿ" ಎಂದು, ನನಗೇ ಗುರುತಿಲ್ಲದ ಆ ಎಂಜಿನ್ನಿನ ಪಕ್ಕಕ್ಕೆ ಸರಿದು, ಸ್ಕ್ರೂಡ್ರೈವರಿನ ಹಿಡಿಯನ್ನು ಅವರ ಕಡೆಗೆ ಮಾಡಿ ಹಿಡಿದೆ.